ಭೂವಿಜ್ಞಾನಿಗೆ ಕೇಳಿ: ಮಂಗಳದಲ್ಲಿ ನೀರು ಇತ್ತಾ? ಈಗಲೂ ಇದೆಯಾ?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ಭಾನುವಾರದ ಪ್ರಶ್ನೋತ್ತರಕ್ಕೆ ನಮ್ಮ ಹಾಸನದವರೇ ಆದ ಭೂವಿಜ್ಞಾನಿ ಮೇಡಂ ಬಂದಿದ್ದಾರೆ. ಗ್ರಹಗಳ ಕಲ್ಲು ಮಣ್ಣು ಅವರ ವಿಷಯ. ನೌಕೆಗಳು ಕಳಿಸಿದ ಚಿತ್ರ, ಖನಿಜಗಳ ನಕ್ಷೆ ಓದುವುದು ದಿನದ ಕೆಲಸ. ಇವತ್ತಿನ ವಿಷಯ ಮಂಗಳದಲ್ಲಿ ನೀರು, ಅಷ್ಟೇ. ಮೇಲಿನ ಉತ್ತರ ಓದಿ ಆಮೇಲೆ ಕೇಳಿ. ಫಾರ್ವರ್ಡ್ ಹಾಕಬೇಡಿ.

ಹೇಮಾವತಿ ದಂಡೆ: ನಮಸ್ಕಾರ ಮೇಡಂ. ಸುತ್ತು ಬಳಸು ಬೇಡ, ನೇರವಾಗಿ ಕೇಳ್ತೀನಿ. ಮಂಗಳದಲ್ಲಿ ನೀರಿದೆಯಾ, ಇಲ್ವಾ?

ಭೂವಿಜ್ಞಾನಿ: ನಮಸ್ಕಾರ. ಮಂಜುಗಡ್ಡೆಯಾಗಿ ಇದೆ, ಧಾರಾಳವಾಗಿ ಇದೆ. ಆವಿಯಾಗಿ ಗಾಳಿಯಲ್ಲಿ ತುಸು ಇದೆ. ಈಗ ನೆಲದ ಮೇಲೆ ಹರಿಯುವ ನೀರು ಇದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಇಲ್ಲ. 300 ಕೋಟಿ ವರ್ಷಕ್ಕೂ ಹಿಂದೆ ಅಲ್ಲಿ ನದಿ, ಕೆರೆ ಇದ್ದವು ಅನ್ನುವುದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಹಿಂದಿನದು, ಈಗಿನದು, ಮಂಜು, ಹರಿಯುವ ನೀರು, ಎಲ್ಲವನ್ನೂ ಕಲಸದೆ ಕೇಳಿದರೆ ನನಗೂ ಸುಲಭ, ನಿಮಗೂ ಸುಲಭ.

ತೆಂಗಿನ ತೋಟ ಅರಸೀಕೆರೆ: ಹಾಗಾದರೆ 2015ರಲ್ಲಿ ನಾಸಾದವರು ಹೇಳಿದ್ದು ಸುಳ್ಳಾ? ಮಂಗಳದಲ್ಲಿ ನೀರು ಹರೀತಾ ಇದೆ ಅಂತ ಎಲ್ಲಾ ಟಿವಿಯಲ್ಲೂ ಬಂದಿತ್ತು. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಆ ವಿಡಿಯೊ ಈಗಲೂ ಓಡಾಡ್ತಿದೆ.

ಭೂವಿಜ್ಞಾನಿ: ಸುಳ್ಳಲ್ಲ, ಆತುರ. ಕೆಲವು ಕುಳಿಗಳ ಗೋಡೆಯ ಮೇಲೆ ಬೇಸಿಗೆಯಲ್ಲಿ ಕಪ್ಪು ಗೆರೆಗಳು ಮೂಡುತ್ತವೆ. ದಿನ ಕಳೆದಂತೆ ಕೆಳಕ್ಕೆ ಉದ್ದವಾಗುತ್ತವೆ, ಚಳಿ ಬಂದಾಗ ಮಾಸಿಹೋಗುತ್ತವೆ. ಇದನ್ನು 2011ರಲ್ಲಿ ವರದಿ ಮಾಡಿದರು. 2015ರಲ್ಲಿ ಆ ಜಾಗಗಳಲ್ಲಿ ನೀರಿನ ಅಂಶ ಹಿಡಿದಿಟ್ಟುಕೊಂಡ ಲವಣದ ಗುರುತು ಸಿಕ್ಕಿತು. ಉಪ್ಪುನೀರು ಇಳಿಯುತ್ತಿರಬೇಕು ಅಂದುಕೊಂಡರು. ಟಿವಿಯಲ್ಲಿ ಅದೇ ಹರಿಯುವ ನದಿಯಾಯಿತು. 2017ರಲ್ಲಿ ಇಳಿಜಾರನ್ನೇ ಅಳೆದು ನೋಡಿದರು. ಗೆರೆಗಳು ಹೆಚ್ಚುಕಡಿಮೆ ಎಲ್ಲವೂ 27 ಡಿಗ್ರಿಗಿಂತ ಕಡಿದಾದ ಕಡೆಯೇ ಇದ್ದವು. ಇಳಿಜಾರು ಕಡಿಮೆಯಾಗುವಲ್ಲಿ ನಿಂತುಬಿಡುತ್ತಿದ್ದವು. ನೀರಾದರೆ ಸಪಾಟು ಜಾಗಕ್ಕೂ ಹರಿದುಕೊಂಡು ಹೋಗಬೇಕು. ಒಣ ಮರಳಾದರೆ ಸರಿಯಾಗಿ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಈಗ ಹೆಚ್ಚಿನವರು ಒಣ ಮರಳಿನ ಜಾರಿಕೆ ಅನ್ನುತ್ತಾರೆ. ಋತು ನೋಡಿಕೊಂಡು ಯಾಕೆ ಬರುತ್ತವೆ ಅನ್ನುವ ಚರ್ಚೆ ಮಾತ್ರ ಮುಗಿದಿಲ್ಲ. ಆ ವಿಡಿಯೊ ಅಳಿಸಿ.

ಹಾಸನದ ಹಳಬ: ಮಂಗಳದ ಮಾತು ಬಂದಾಗ ನಮ್ಮ ಹಾಸನವನ್ನು ಮರೆಯಬಾರದು. ಮಂಗಳಯಾನವನ್ನು ಇಲ್ಲಿನ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದಲೇ ನಡೆಸಿದ್ದು. ನಮ್ಮೂರಿಗೆ ಇದು ಹೆಮ್ಮೆ.

ಮಲ್ನಾಡ್ ರೈಡರ್: ಅಲ್ಲ ಸಾರ್, ಅದು ಬೆಂಗಳೂರಿಂದ. ಎಂಸಿಎಫ್ ಬೇರೆ ಕೆಲಸಕ್ಕೆ ಇರೋದು.

ಹಾಸನದ ಹಳಬ: ನೀವು ಹುಟ್ಟೋ ಮುಂಚಿಂದ ನಾನು ಆ ಗೇಟಿನ ಮುಂದೆ ಓಡಾಡ್ತಿದ್ದೀನಿ.

ಮಲ್ನಾಡ್ ರೈಡರ್: ಗೇಟಿನ ಮುಂದೆ ಓಡಾಡಿದರೆ ಒಳಗೆ ಏನು ಮಾಡ್ತಾರೆ ಅಂತ ಗೊತ್ತಾಗುತ್ತಾ?

ಭೂವಿಜ್ಞಾನಿ: ಇಬ್ಬರೂ ಸಾಕು. ಹಾಸನದ ಎಂಸಿಎಫ್ ನೋಡಿಕೊಳ್ಳುವುದು ಮುಖ್ಯವಾಗಿ ಭೂಸ್ಥಿರ ಉಪಗ್ರಹಗಳನ್ನು, ಅಂದರೆ ಇನ್ಸಾಟ್, ಜಿಸ್ಯಾಟ್. ಅದೂ ದೊಡ್ಡ ಕೆಲಸವೇ, ಹೆಮ್ಮೆ ಪಡಿ. ಮಂಗಳಯಾನವನ್ನು ನಡೆಸಿದ್ದು ಬೆಂಗಳೂರಿನ ಇಸ್ಟ್ರ್ಯಾಕ್, ಅಂದರೆ ನೌಕೆಗಳ ಜಾಡು ಹಿಡಿದು ನಡೆಸುವ ಇಸ್ರೋ ಕೇಂದ್ರ. ನೌಕೆಯ ಜೊತೆ ಮಾತಾಡಿದ್ದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನ 32 ಮೀಟರ್ ಡಿಶ್. 2013ರ ನವೆಂಬರ್ 5ಕ್ಕೆ ಹಾರಿತು, 2014ರ ಸೆಪ್ಟೆಂಬರ್ 24ಕ್ಕೆ ಮಂಗಳದ ಕಕ್ಷೆ ಸೇರಿತು. ಅದರಲ್ಲಿದ್ದ ಒಂದು ಉಪಕರಣ ಮಂಗಳದ ಮೇಲ್ಗಾಳಿಯಲ್ಲಿ ಹೈಡ್ರೋಜನ್, ಭಾರ ಹೈಡ್ರೋಜನ್ ಎಷ್ಟೆಷ್ಟು ಅಂತ ನೋಡುವುದಕ್ಕೇ ಇತ್ತು. ನೀರು ಎಲ್ಲಿಗೆ ಹೋಯಿತು ಅನ್ನುವ ಪ್ರಶ್ನೆಗೆ ಅದೇ ದಾರಿ.

ಪಿಯುಸಿ ಸೈನ್ಸ್: ಮೇಡಂ, ಮಂಗಳದಲ್ಲಿ ಬೇಸಿಗೆ ಮಧ್ಯಾಹ್ನ ಉಷ್ಣತೆ ಸೊನ್ನೆಗಿಂತ ಮೇಲೆ ಹೋಗುತ್ತೆ ಅಂತ ಓದಿದ್ದೆ. ಹಾಗಾದರೆ ಮಂಜು ಕರಗಿ ನೀರಾಗಬೇಕಲ್ವಾ?

ಭೂವಿಜ್ಞಾನಿ: ಸರಿಯಾಗಿ ಯೋಚಿಸಿದ್ದೀಯಮ್ಮ. ಸಮಭಾಜಕದ ಹತ್ತಿರ ಸೊನ್ನೆ ದಾಟುತ್ತದೆ. ತೊಂದರೆ ಇರುವುದು ಒತ್ತಡದಲ್ಲಿ. ಅಲ್ಲಿನ ಗಾಳಿಯ ಒತ್ತಡ ಸರಾಸರಿ 6 ಮಿಲಿಬಾರ್ ಆಸುಪಾಸು. ನಮ್ಮ ಸಮುದ್ರಮಟ್ಟದಲ್ಲಿ 1013. ನೀರಿನ ತ್ರಿಬಿಂದು, ಅಂದರೆ ಮಂಜು, ನೀರು, ಆವಿ ಮೂರೂ ಒಟ್ಟಿಗೆ ಇರಬಲ್ಲ ಒತ್ತಡ, 6.1 ಮಿಲಿಬಾರ್ ಅಂತ ಓದಿರುತ್ತೀಯ. ಅದಕ್ಕಿಂತ ಕೆಳಗೆ ಮಂಜು ಕರಗುವುದಿಲ್ಲ, ನೇರ ಆವಿಯಾಗುತ್ತದೆ. ಹೆಲ್ಲಾಸ್ ಅಂತ ಒಂದು ದೊಡ್ಡ ತಗ್ಗು ಇದೆ, ಅಲ್ಲಿ ಒತ್ತಡ ಇದರ ಎರಡರಷ್ಟು. ಅಲ್ಲೂ ನೀರು 10 ಡಿಗ್ರಿ ಹತ್ತಿರವೇ ಕುದಿದುಬಿಡುತ್ತದೆ.

2008ರಲ್ಲಿ ಫೀನಿಕ್ಸ್ ನೌಕೆ ಉತ್ತರ ಧ್ರುವದ ಕಡೆಯ ಬಯಲಿನಲ್ಲಿ ಇಳಿದು ತನ್ನ ಕೈಯಿಂದ ನೆಲ ಕೆರೆಯಿತು. ಗುಂಡಿಯ ಮೂಲೆಯಲ್ಲಿ ಬಿಳಿ ಚೂರುಗಳು ಕಂಡವು. ನಾಲ್ಕು ದಿನದ ಮೇಲೆ ತೆಗೆದ ಚಿತ್ರದಲ್ಲಿ ಆ ಚೂರುಗಳೇ ಇಲ್ಲ. ಉಪ್ಪಾಗಿದ್ದರೆ ಅಲ್ಲೇ ಬಿದ್ದಿರುತ್ತಿತ್ತು. ಆ ಎರಡು ಚಿತ್ರ ಹುಡುಕಿ, ಪಕ್ಕಪಕ್ಕ ಇಟ್ಟು ನೋಡು. ಅದೇ ನೌಕೆ ಅಲ್ಲಿನ ಮಣ್ಣಿನಲ್ಲಿ ಪರ್ಕ್ಲೋರೇಟ್ ಲವಣವನ್ನೂ ಕಂಡುಹಿಡಿಯಿತು. ಅದು ಬೆರೆತ ನೀರು ಮೈನಸ್ 50 ಡಿಗ್ರಿಗಿಂತ ಕೆಳಗೂ ದ್ರವವಾಗಿ ಉಳಿಯಬಲ್ಲದು. ಹಾಗಾಗಿ ಕೆಲವು ಜಾಗದಲ್ಲಿ ಸ್ವಲ್ಪ ಹೊತ್ತು ತೆಳ್ಳಗಿನ ಉಪ್ಪುನೀರಿನ ಪೊರೆ ಆಗಬಹುದು. ಆಗಬಹುದು ಅಷ್ಟೇ.

ಪಿಯುಸಿ ಸೈನ್ಸ್: ಥ್ಯಾಂಕ್ಯೂ ಮೇಡಂ. ಇನ್ನೊಂದು, ಮೀಥೇನ್ ಬಗ್ಗೆ. ಮಂಗಳದ ನೆಲದ ಮೇಲೆ ಓಡಾಡೋ ಕ್ಯೂರಿಯಾಸಿಟಿ ನೌಕೆಗೆ ಸಿಕ್ಕಿದ್ದು ಕಕ್ಷೆಯಲ್ಲಿರೋ ನೌಕೆಗೆ ಯಾಕೆ ಸಿಗಲಿಲ್ಲ?

ಶುಭದಿನ: ಆಗಸ್ಟ್ 27ರ ರಾತ್ರಿ ಮಂಗಳ ಗ್ರಹ ಚಂದ್ರನಷ್ಟೇ ದೊಡ್ಡದಾಗಿ ಕಾಣುತ್ತದೆ. ಆಕಾಶದಲ್ಲಿ ಎರಡು ಚಂದ್ರ. ಮತ್ತೆ 2287ರವರೆಗೆ ಕಾಣುವುದಿಲ್ಲ. ಎಲ್ಲರಿಗೂ ಕಳಿಸಿ.

ಭೂವಿಜ್ಞಾನಿ: ಸುಳ್ಳು. 2003ರಿಂದ ಪ್ರತಿ ವರ್ಷ ಬರುತ್ತಿದೆ. ಮಂಗಳ ಬರಿಗಣ್ಣಿಗೆ ಯಾವತ್ತೂ ಚುಕ್ಕೆಯೇ.

ಹೇಮಗಿರಿ: ಮೇಡಂ ಮಂಗಳದಲ್ಲಿ ನೀರಿದೆಯಾ?

ಭೂವಿಜ್ಞಾನಿ: ಮೊದಲ ಉತ್ತರ ಓದಿ.

ಉಪನ್ಯಾಸಕ ಚಿಕ್ಕಮಗಳೂರು: ನಮಸ್ತೆ ಮೇಡಂ. ಕರ್ತಿಕೆರೆ ಹತ್ತಿರ ಕಲ್ಲಿನೊಳಗೆ ದುಂಡಗಿನ ಬೆಣಚು ಹರಳುಗಳು ಸೇರಿಕೊಂಡಿರುವ ಬಂಡೆ ಇದೆ. ಮಕ್ಕಳನ್ನು ಕರೆದುಕೊಂಡು ಹೋದಾಗ ಮಂಗಳದಲ್ಲೂ ಇಂಥದ್ದೇ ಸಿಕ್ಕಿದೆ, ಅದು ನೀರಿನ ಗುರುತು ಅಂತ ಹೇಳಿದೆ. ಒಬ್ಬ ಹುಡುಗ ಕೇಳಿದ, ಮಂಗಳದಲ್ಲಿ ಗಾಳಿ ಜಾಸ್ತಿ ಅಲ್ವಾ, ಗಾಳಿಯೇ ಕಲ್ಲನ್ನು ಉಜ್ಜಿ ದುಂಡಗೆ ಮಾಡಿರಬಾರದಾ ಅಂತ. ಅವನಿಗೆ ತೃಪ್ತಿಯಾಗುವಂತೆ ಹೇಗೆ ಹೇಳಲಿ?

ಭೂವಿಜ್ಞಾನಿ: ಸರ್, ಇಂಥ ಪ್ರಶ್ನೆಗಾಗಿಯೇ ನಾನು ಇಲ್ಲಿಗೆ ಬಂದಿದ್ದು. ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ನಿಮ್ಮ ಕಲ್ಲು. ಅದು ಬಾಬಾಬುಡನ್ ಶಿಲಾಸಮೂಹದ ತಳದ ಪದರ. 250 ಕೋಟಿ ವರ್ಷಕ್ಕಿಂತ ಹಳೆಯದು. ಆಗ ಹರಿದ ನೀರು ಬೆಣಚು ಹರಳುಗಳನ್ನು ಉರುಳಿಸಿ ತಂದು ಮರಳಿನ ಜೊತೆ ಹಾಸಿತು, ಕಾಲಾಂತರದಲ್ಲಿ ಅದು ಬಂಡೆಯಾಯಿತು. ಆ ಹರಳುಗಳ ನಡುವೆ ಪೈರೈಟ್ ಮತ್ತು ಯುರೇನಿಯಂ ಇರುವ ಖನಿಜದ ಕಣಗಳೂ ಸಿಕ್ಕಿವೆ. ಈಗಿನ ಹೊಳೆಯಲ್ಲಿ ಅವು ಉಳಿಯುವುದಿಲ್ಲ, ಆಮ್ಲಜನಕ ತಾಗಿ ಹಾಳಾಗುತ್ತವೆ. ಆಗಿನ ನಮ್ಮ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಇಲ್ಲದಷ್ಟು ಕಡಿಮೆ ಇತ್ತು ಅಂತ ತಿಳಿಯುವುದು ಇಂಥ ಬಂಡೆಗಳಿಂದಲೇ. ನಿಮ್ಮ ಮಕ್ಕಳು ನಿಂತಿದ್ದು ಅಂಥ ಜಾಗದಲ್ಲಿ.

ಇನ್ನು ಮಂಗಳ. 2012ರ ಆಗಸ್ಟ್‌ನಲ್ಲಿ ಕ್ಯೂರಿಯಾಸಿಟಿ ಗೇಲ್ ಕುಳಿಯಲ್ಲಿ ಇಳಿಯಿತು. ಕೆಲವೇ ವಾರದಲ್ಲಿ ಅದರ ದಾರಿಗೆ ಮನೆಯ ತಾರಸಿಗೆ ಹಾಕುವ ಜಲ್ಲಿ ಕಾಂಕ್ರೀಟಿನಂಥ ಕಲ್ಲು ಎದುರಾಯಿತು. ಮರಳಿನ ನಡುವೆ 2ರಿಂದ 40 ಮಿಲಿಮೀಟರ್‌ವರೆಗಿನ ಹರಳುಗಳು. ಬಹಳಷ್ಟು ಹರಳುಗಳ ಅಂಚು ಎಲ್ಲ ಕಡೆಯೂ ಸವೆದು ದುಂಡಗಾಗಿವೆ.

ಈಗ ಆ ಹುಡುಗನ ಗಾಳಿ. ಗಾಳಿ ಕಲ್ಲನ್ನು ಸವೆಸುತ್ತದೆ, ಅವನು ಹೇಳಿದ್ದು ನಿಜ. ಆದರೆ ಗಾಳಿ ಸವೆಸುವುದು ನಿಂತಿರುವ ಕಲ್ಲನ್ನು. ಗಾಳಿ ಬರುವ ಕಡೆ ಚಪ್ಪಟೆಯಾಗುತ್ತದೆ, ಎರಡು ಮುಖ ಸೇರುವಲ್ಲಿ ಚೂಪು ಅಂಚು ಬರುತ್ತದೆ. ಸುತ್ತಲೂ ದುಂಡಗಾಗಬೇಕಾದರೆ ಕಲ್ಲು ಉರುಳಬೇಕು, ಒಂದಕ್ಕೊಂದು ಬಡಿಯಬೇಕು. ಮಂಗಳದ ಗಾಳಿ ಬೀಸುವುದು ಜೋರೇ, ಆದರೆ ತೀರಾ ತೆಳು. ನಮ್ಮ ಗಾಳಿಯ ಸಾಂದ್ರತೆಯ ನೂರರಲ್ಲಿ ಒಂದೆರಡು ಪಾಲು. ಮರಳನ್ನು ಓಡಿಸುತ್ತದೆ, ಮೂರು ಸೆಂಟಿಮೀಟರ್ ಕಲ್ಲನ್ನು ದೂರಕ್ಕೆ ಉರುಳಿಸಿಕೊಂಡು ಹೋಗಲಾರದು. ಹರಳುಗಳ ಗಾತ್ರದಿಂದ ಲೆಕ್ಕ ಹಾಕಿದಾಗ ಬಂದದ್ದು ಇದು: ಪಾದದ ಗಂಟಿನಿಂದ ಸೊಂಟದವರೆಗಿನ ಆಳದ ಹಳ್ಳ, ನಾವು ನಡೆಯುವ ವೇಗದಲ್ಲಿ ಹರಿಯುವ ನೀರು.

ಆದರೂ ದುಂಡು ಕಲ್ಲೊಂದನ್ನೇ ತೋರಿಸಿ ಅವನನ್ನು ಒಪ್ಪಿಸಬೇಡಿ. ಒಂದು ಗುರುತು ಯಾವಾಗಲೂ ಸಾಲದು. ಮೇಲೆ ಹೇಳಿದ ಕಪ್ಪು ಗೆರೆ ಕೂಡ ಒಂದು ಗುರುತೇ ಆಗಿತ್ತು. ಗೇಲ್ ಕುಳಿಯನ್ನು ನಾವು ನಂಬುವುದು ಬೇರೆ ಬೇರೆ ಉಪಕರಣ ಬೇರೆ ಬೇರೆ ದಾರಿಯಲ್ಲಿ ಹೋಗಿ ಅದೇ ಮಾತು ಹೇಳಿದ್ದರಿಂದ. 2013ರಲ್ಲಿ ಅದೇ ನೌಕೆ ಹತ್ತಿರದ ತಗ್ಗಿನಲ್ಲಿ ಕಲ್ಲು ಕೊರೆಯಿತು. ಮೇಲೆ ಕೆಂಪು ಧೂಳು, ಒಳಗಿಂದ ಬಂದ ಪುಡಿ ಬೂದು. ಆ ಪುಡಿಯಲ್ಲಿ ಐದರಲ್ಲಿ ಒಂದು ಪಾಲು ಜೇಡಿ ಖನಿಜ. ಕಲ್ಲು ನೀರಿನಲ್ಲಿ ಬಹಳ ಕಾಲ ನೆನೆಯದೆ ಆ ಖನಿಜ ಹುಟ್ಟುವುದಿಲ್ಲ. ನೀರು ಹುಳಿಯೂ ಅಲ್ಲ, ತೀರಾ ಉಪ್ಪೂ ಅಲ್ಲ ಅಂತಲೂ ಗೊತ್ತಾಯಿತು. ಅಲ್ಲಿಂದ ಬೆಟ್ಟ ಹತ್ತುತ್ತಾ ಹೋದಾಗ ಒಣಗಿದ ಕೆಸರಿನ ಬಿರುಕುಗಳು ಕಲ್ಲಾಗಿ ಉಳಿದಿರುವುದು ಸಿಕ್ಕಿತು. ಇನ್ನೂ ಮೇಲೆ, 2022ರಲ್ಲಿ, ಆಳವಿಲ್ಲದ ಕೆರೆಯ ಅಲೆ ಮೂಡಿಸಿದ ಏರಿಳಿತದ ಗುರುತು. ಆಕಾರ, ಖನಿಜ, ಪದರಗಳ ಜೋಡಣೆ, ಮೂರೂ ನೀರನ್ನೇ ಹೇಳುತ್ತಿವೆ.

ಒಂದು ವ್ಯತ್ಯಾಸವನ್ನೂ ಹೇಳಿ. ಕರ್ತಿಕೆರೆಯ ಹರಳು ಬೆಣಚು. ತುಂಬಾ ಗಟ್ಟಿ, ಬಹಳ ದೂರ ಉರುಳಿದರೂ ಉಳಿಯುತ್ತದೆ. ಮಂಗಳದಲ್ಲಿ ಬೆಣಚು ಅಪರೂಪ. ಅಲ್ಲಿನ ಹರಳುಗಳು ಜ್ವಾಲಾಮುಖಿ ಕಲ್ಲಿನವು, ಬೇಗ ಸವೆಯುತ್ತವೆ. ಹಾಗಾಗಿ ಎಷ್ಟು ದೂರದಿಂದ ಬಂದವು ಅನ್ನುವ ಲೆಕ್ಕ ಎರಡಕ್ಕೂ ಒಂದೇ ಅಲ್ಲ.

ಮುಂದಿನ ಸಲ ಹೋದಾಗ ಒಂದು ಕೆಲಸ ಮಾಡಿ. ಚಪ್ಪಟೆ ಹರಳುಗಳು ಒಂದೇ ಕಡೆಗೆ ವಾಲಿಕೊಂಡಿವೆಯಾ ನೋಡಿ. ಹಾಗಿದ್ದರೆ ನೀರು ಹರಿದ ದಿಕ್ಕು ಸಿಗುತ್ತದೆ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೊ ತೆಗೆಯಿರಿ. ಸುತ್ತಿಗೆ ಹಾಕಬೇಡಿ, ಮಕ್ಕಳಿಗೂ ಹಾಕಲು ಬಿಡಬೇಡಿ.

ಉಪನ್ಯಾಸಕ ಚಿಕ್ಕಮಗಳೂರು: ಮೇಡಂ, ಕೈ ಮುಗಿದೆ. ಈಗಲೇ ಹೊರಟೆ. ಇಲ್ಲಿಂದ ಹತ್ತಿರವೇ.

ಮಲ್ನಾಡ್ ರೈಡರ್: ನನ್ನ ಹತ್ರ ಒಂದು ಕಪ್ಪು ಕಲ್ಲಿದೆ ಮೇಡಂ, ಗಿರಿ ಮೇಲೆ ಸಿಕ್ಕಿದ್ದು. ಆಯಸ್ಕಾಂತಕ್ಕೆ ಅಂಟುತ್ತೆ. ಮಂಗಳದ ಉಲ್ಕೆ ಅಂತ ಒಬ್ಬರು ಹೇಳಿದರು. ದುಡ್ಡು ಬರುತ್ತಾ?

ಭೂವಿಜ್ಞಾನಿ: ಬಾಬಾಬುಡನ್‌ಗಿರಿ ಪೂರ್ತಿ ಕಬ್ಬಿಣದ ಅದಿರಿನ ಪದರ. ಅಂಟುವ ಕಲ್ಲು ಅಲ್ಲಿ ಹೆಜ್ಜೆಗೊಂದು. ಮಂಗಳದ ಉಲ್ಕೆ ಬೀಳುವುದೇ ಅಪರೂಪ. 1865ರಲ್ಲಿ ಬಿಹಾರದ ಶೇರ್‌ಘಾಟಿಯಲ್ಲಿ ಒಂದು ಬಿದ್ದಿತ್ತು, ಆ ಜಾತಿಯ ಉಲ್ಕೆಗಳಿಗೆಲ್ಲ ಅದೇ ಹೆಸರು ಬಂದಿದೆ. ನಿಮ್ಮದು ಅದಲ್ಲ.

ಶುಭದಿನ: ನಾಸಾ ವಿಜ್ಞಾನಿಗಳೇ ಬೆರಗಾದ ಮಂಗಳದ ಕೆಂಪು ಕಲ್ಲು ಹೆಮಟೈಟ್. ಇದು ನೀರಿನಿಂದ ಹುಟ್ಟಿದ ಶುದ್ಧ ಕಬ್ಬಿಣ. ರಾತ್ರಿ ತಾಮ್ರದ ಚೊಂಬಿನಲ್ಲಿ ಕೆಂಪು ಕಲ್ಲು, ಅರ್ಧ ನಿಂಬೆಹಣ್ಣು ಹಾಕಿಟ್ಟು ಬೆಳಗ್ಗೆ ಖಾಲಿ ಹೊಟ್ಟೆಗೆ ಕುಡಿದರೆ 21 ದಿನದಲ್ಲಿ ರಕ್ತ ಹೆಚ್ಚುತ್ತದೆ. ಮಂಗಳವಾರ ಶುರು ಮಾಡಿದರೆ ಕುಜ ದೋಷವೂ ಪರಿಹಾರ.

ಅಡ್ಮಿನ್: ಫಾರ್ವರ್ಡ್ ಬೇಡ ಅಂತ ಮೇಲೆ ಬರೆದಿದ್ದೇನೆ ಸಾರ್.

ನುಗ್ಗೇಹಳ್ಳಿ ಹುಡುಗ: ಮೇಡಂ ಇದು ನಿಜ ಅಲ್ವಾ? ನಮ್ಮ ಅಕ್ಕ ಐದು ತಿಂಗಳ ಬಸುರಿ. ರಕ್ತ ಎಂಟೂವರೆ ಅಂದಿದ್ದಾರೆ. ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆ ತಿಂದರೆ ಹೊಟ್ಟೆ ತೊಳಸುತ್ತೆ ಅಂತ ಬಿಟ್ಟಿದ್ದಾಳೆ. ಈ ಮೆಸೇಜ್ ನೋಡಿ ನಮ್ಮ ಕಡೆ ಗಣಿ ಹತ್ತಿರದಿಂದ ಕೆಂಪು ಕಲ್ಲು ತಂದು ಇದೇ ರೀತಿ ಕೊಡ್ತಿದ್ದೀವಿ. ಈಗಲೂ ವಾಂತಿ ಬರ್ತಿದೆ ಅಂತಾಳೆ.

ಭೂವಿಜ್ಞಾನಿ: ತಮ್ಮಾ, ಇದನ್ನು ಓದಿದ ತಕ್ಷಣ ಮನೆಗೆ ಫೋನ್ ಮಾಡು. ಆ ನೀರು ಚೆಲ್ಲಿಸು. ಇವತ್ತೇ ನಿಲ್ಲಬೇಕು.

ಯಾಕೆ ಅಂತ ಕೇಳು. ಹೆಮಟೈಟ್ ಅಂದರೆ ಕಬ್ಬಿಣದ ಆಕ್ಸೈಡ್, ನೀರಿನಲ್ಲಿ ಕರಗುವುದಿಲ್ಲ. ಮಂಗಳದಲ್ಲಿ 2004ರಲ್ಲಿ ಆಪರ್ಚುನಿಟಿ ನೌಕೆ ಇಳಿದ ಜಾಗದಲ್ಲಿ ನೆಲದ ತುಂಬ ಕೆಲವೇ ಮಿಲಿಮೀಟರ್ ಗಾತ್ರದ ಹೆಮಟೈಟ್ ಗುಂಡುಗಳು ಚೆಲ್ಲಿದ್ದವು. ಕಲ್ಲಿನೊಳಗೆ ನೀರು ಜಿನುಗುತ್ತಿದ್ದ ಕಾಲದಲ್ಲಿ ಅವು ಹುಟ್ಟಿದವು. ಸುತ್ತಲಿನ ಮೆದು ಕಲ್ಲು ಸವೆದುಹೋದರೂ ಈ ಗುಂಡುಗಳು ಉಳಿದವು, ಅಷ್ಟು ಹಟದ ಖನಿಜ ಅದು. ಕೋಟ್ಯಂತರ ವರ್ಷ ಕರಗದೆ ಕೂತದ್ದು ಒಂದು ರಾತ್ರಿ ಚೊಂಬಿನಲ್ಲಿ ಕರಗಿ ರಕ್ತವಾಗುತ್ತದಾ? ಆಗುವುದಿಲ್ಲ. ಆ ನೀರಿನಿಂದ ನಿಮ್ಮಕ್ಕನಿಗೆ ಕಬ್ಬಿಣ ಸಿಗುತ್ತಿಲ್ಲ.

ಸಿಗುತ್ತಿರುವುದು ತಾಮ್ರ. ನಿಂಬೆಹುಳಿ ತಾಮ್ರದ ಪಾತ್ರೆಯಲ್ಲಿ ರಾತ್ರಿಯೆಲ್ಲ ನಿಂತರೆ ತಾಮ್ರ ನೀರಿಗೆ ಬಿಡುತ್ತದೆ. ಅದು ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವು ಬರುತ್ತದೆ. ನಮ್ಮ ಅಜ್ಜಿಯರು ಹುಳಿಯನ್ನು ಕಲಾಯಿ ಇಲ್ಲದ ಪಾತ್ರೆಯಲ್ಲಿ ಇಡುತ್ತಿರಲಿಲ್ಲ, ಇದಕ್ಕೇ.

ಇನ್ನು ಕಲ್ಲು. ನುಗ್ಗೇಹಳ್ಳಿ ಕಡೆಯದು ಕ್ರೋಮೈಟ್, ಅಂದರೆ ಕ್ರೋಮಿಯಂ ಅದಿರು, ಸಿಗುವ ಪಟ್ಟಿ. ಅಲ್ಲಿನ ಕೆಂಪು ಕಲ್ಲೆಲ್ಲ ಹೆಮಟೈಟ್ ಅಲ್ಲ, ಬಣ್ಣ ನೋಡಿ ಹೇಳಲು ಬರುವುದಿಲ್ಲ. ಕ್ರೋಮಿಯಂ, ನಿಕ್ಕಲ್ ಇರುವ ಕಲ್ಲು ಆ ಪಟ್ಟಿಯಲ್ಲಿ ಸಾಮಾನ್ಯ. ಅಂಥ ಜಾತಿಯ ಶಿಲೆಯಲ್ಲಿ ಕಲ್ನಾರಿನ ಎಳೆಯೂ ಇರಬಹುದು. ಗಣಿಯ ಪಕ್ಕದ ಕಲ್ಲನ್ನು ಯಾರೂ ಬಾಯಿಗೆ ಹಾಕಬಾರದು, ಬಸುರಿಯಂತೂ ಮುಟ್ಟಲೂ ಬಾರದು.

ನಾನು ಡಾಕ್ಟರ್ ಅಲ್ಲ, ಕಲ್ಲಿನ ಬಗ್ಗೆ ಮಾತ್ರ ಹೇಳಬಲ್ಲೆ. ಇವತ್ತು ಭಾನುವಾರ ಅಂತ ಕಾಯಬೇಡ. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗು. ಏನು ಕುಡಿದಿದ್ದಾಳೆ, ಎಷ್ಟು ದಿನದಿಂದ ಅಂತ ಮುಚ್ಚಿಡದೆ ಹೇಳು. ಕಲ್ಲನ್ನೂ ಒಂದು ಕವರಿನಲ್ಲಿ ತೆಗೆದುಕೊಂಡು ಹೋಗು. ಮಾತ್ರೆ ಒಗ್ಗದಿದ್ದರೆ ಬೇರೆ ಕೊಡುತ್ತಾರೆ, ಊಟ ಆದಮೇಲೆ ತೆಗೆದುಕೊಳ್ಳಲು ಹೇಳುತ್ತಾರೆ. ಕಾಫಿ ಟೀ ಜೊತೆ ಮಾತ್ರೆ ನುಂಗಬಾರದು. ಹೋಗಿ ಬಂದು ನನಗೆ ಬರೆ.

ಶುಭದಿನ ಅವರೇ, ಇದನ್ನು ನೋಡಿ. ನೀವು ಕಳಿಸಿದ್ದನ್ನು ಒಂದು ಮನೆಯಲ್ಲಿ ಬಸುರಿಗೆ ಕುಡಿಸುತ್ತಿದ್ದಾರೆ. ಎಷ್ಟು ಗುಂಪಿಗೆ ಕಳಿಸಿದ್ದೀರೋ ಅಷ್ಟಕ್ಕೂ ಹೋಗಿ ಅಳಿಸಿ, ತಪ್ಪು ಅಂತ ಬರೆಯಿರಿ.

ನುಗ್ಗೇಹಳ್ಳಿ ಹುಡುಗ: ಆಯ್ತು ಮೇಡಂ. ಭಾವನಿಗೆ ಫೋನ್ ಮಾಡಿದೆ, ಹೊರಡ್ತಿದ್ದಾರೆ.

ಶುಭದಿನ: ನಾನು ಬರೆದಿದ್ದಲ್ಲ, ಬಂದಿದ್ದನ್ನು ಕಳಿಸಿದೆ. ಒಳ್ಳೇದಾಗಲಿ ಅಂತ. ಹಿರಿಯರು ಮಾಡಿಕೊಂಡು ಬಂದಿದ್ದಕ್ಕೆಲ್ಲ ವಿಜ್ಞಾನದವರು ಹೀಗೇ ಹಾರಾಡ್ತಾರೆ. ಕುಜನಿಗೆ ತೊಗರಿ, ಕೆಂಪು ವಸ್ತ್ರ ಯಾಕೆ ಇಟ್ಟರು? ಕೆಂಪು ಗ್ರಹ ಅಂತ ನಮ್ಮವರಿಗೆ ಮುಂಚೆಯೇ ಗೊತ್ತಿತ್ತು.

ಬೇಲೂರು ಟೀಚರ್: ಕೆಂಪು ಅಂತ ಕಣ್ಣಿಗೇ ಕಾಣುತ್ತೆ ಸಾರ್. ಅದಕ್ಕೂ ಬಸುರಿಗೆ ಕಲ್ಲು ನೀರು ಕುಡಿಸೋದಕ್ಕೂ ಏನು ಸಂಬಂಧ?

ಶುಭದಿನ: ನೀವು ಟೀಚರ್. ಮಕ್ಕಳಿಗೆ ಸಂಸ್ಕಾರ ಕಲಿಸಬೇಕಾದವರು ಹೀಗೆ ಮಾತಾಡಿದರೆ ಹೇಗೆ?

ಬೇಲೂರು ಟೀಚರ್: ನಮ್ಮ ಅಕ್ಕನಿಗೆ ಕುಜ ದೋಷ ಅಂತ ಬಂದ ಗಂಡುಗಳೆಲ್ಲ ವಾಪಸ್ ಹೋದರು. ಓದಿದವಳು, ಕೆಲಸದಲ್ಲಿದ್ದಳು. ಕೊನೆಗೆ ಮದುವೆಯೇ ಬೇಡ ಅಂದಳು. ಅಲ್ಲೊಂದು ಗ್ರಹದ ಮೇಲೆ ಕಲ್ಲು, ಧೂಳು, ಮಂಜು ಇದೆ. ಅದು ನಮ್ಮ ಅಕ್ಕನಿಗೆ ಏನು ಮಾಡಿತ್ತು ಹೇಳಿ.

ಹಾಸನದ ಹಳಬ: ನಂಬಿಕೆ ಬೇರೆ, ವಿಜ್ಞಾನ ಬೇರೆ. ಎರಡನ್ನೂ ಗೌರವಿಸೋಣ.

ಬೇಲೂರು ಟೀಚರ್: ಗೌರವಿಸಿ ಗೌರವಿಸಿ ಇಲ್ಲಿಗೆ ಬಂದಿದ್ದೀವಿ.

ಶುಭದಿನ: ಅಡ್ಮಿನ್ ಅವರು ಈ ಮೇಡಂಗೆ ಬುದ್ಧಿ ಹೇಳಬೇಕು, ಇಲ್ಲಾ ನಾನು ಗ್ರೂಪ್ ಬಿಡ್ತೀನಿ.

ಮಲ್ನಾಡ್ ರೈಡರ್: ಬಿಡಿ ಸಾರ್, ತಡೆಯಲ್ಲ.

ಅಡ್ಮಿನ್: ದಯವಿಟ್ಟು ಎಲ್ಲರೂ ವಿಷಯಕ್ಕೆ ಬನ್ನಿ. ಪ್ರಶ್ನೆಗಳು ಕೆಳಗೆ ಹೋಗಿಬಿಡುತ್ತಿವೆ.

ತೆಂಗಿನ ತೋಟ ಅರಸೀಕೆರೆ: ನಾನು ವಿಷಯಕ್ಕೇ ಬರ್ತೀನಿ. ಮಂಗಳದ ನೆಲದೊಳಗೆ ಸಮುದ್ರದಷ್ಟು ನೀರಿದೆ ಅಂತ 2024ರಲ್ಲಿ ಓದಿದೆ. ನಮ್ಮ ಕಡೆ ಸಾವಿರ ಅಡಿ ಕೊರೆದರೂ ಬರೀ ಧೂಳು ಬರುತ್ತೆ. ಅಲ್ಲಿ ಹೋಗಿ ಕೊರೆಯದೆ ಹೇಗೆ ಹೇಳಿದರು?

ಭೂವಿಜ್ಞಾನಿ: ಇನ್‌ಸೈಟ್ ಅನ್ನುವ ನೌಕೆ 2018ರಲ್ಲಿ ಇಳಿದು ನೆಲದ ಕಂಪನ ಅಳೆಯಿತು. ಕಂಪನದ ಅಲೆ ಒಣ ಬಂಡೆಯಲ್ಲಿ ಒಂದು ವೇಗದಲ್ಲಿ, ಬಿರುಕಿನಲ್ಲಿ ನೀರು ತುಂಬಿದ ಬಂಡೆಯಲ್ಲಿ ಇನ್ನೊಂದು ವೇಗದಲ್ಲಿ ಹೋಗುತ್ತದೆ. ಸಿಕ್ಕ ವೇಗಕ್ಕೆ 11.5ರಿಂದ 20 ಕಿಲೋಮೀಟರ್ ಆಳದಲ್ಲಿ ನೀರು ತುಂಬಿದ ಬಿರುಕು ಬಂಡೆ ಚೆನ್ನಾಗಿ ಹೊಂದುತ್ತದೆ ಅಂತ 2024ರ ಲೇಖನ. ಹೊಂದುತ್ತದೆ ಅಂದರೆ ಕಂಡಿದ್ದಾರೆ ಅಂತಲ್ಲ. ಒಂದೇ ಜಾಗದ ಅಳತೆ. ಒಪ್ಪದವರೂ ಇದ್ದಾರೆ. ಕೆರೆಯ ಹಾಗೆ ತೆರೆದ ನೀರೂ ಅಲ್ಲ, ಕಲ್ಲಿನ ಸಂದಿಯಲ್ಲಿರುವುದು. ಕಣ್ಣಾರೆ ಕಂಡದ್ದು ಬೇಕಾದರೆ ಇದು: 2021ರ ಡಿಸೆಂಬರ್ 24ಕ್ಕೆ ಒಂದು ಉಲ್ಕೆ ಬಡಿದು 150 ಮೀಟರ್ ಅಗಲದ ಕುಳಿ ಆಯಿತು. ಆ ಬಡಿತವನ್ನು ಇನ್‌ಸೈಟ್ ಕೇಳಿಸಿಕೊಂಡಿತು. ಆಮೇಲೆ ಮೇಲಿನಿಂದ ಚಿತ್ರ ತೆಗೆದರೆ ಕುಳಿಯ ಸುತ್ತ ಮಂಜುಗಡ್ಡೆಯ ಬಿಳಿ ತುಂಡುಗಳು ಚೆಲ್ಲಿದ್ದವು. ಅದು ಧ್ರುವದ ಹತ್ತಿರವೂ ಅಲ್ಲ.

ತೆಂಗಿನ ತೋಟ ಅರಸೀಕೆರೆ: ಹಾಗೇ ನಮ್ಮ ತೋಟಕ್ಕೆ ಒಂದು ಬೋರ್ ಪಾಯಿಂಟ್ ನೋಡಿಕೊಡಿ ಮೇಡಂ. ನಂಬರ್ ಇನ್‌ಬಾಕ್ಸ್ ಮಾಡ್ತೀನಿ.

ಹೇಮಾವತಿ ದಂಡೆ: 2018ರಲ್ಲಿ ದಕ್ಷಿಣ ಧ್ರುವದ ಮಂಜಿನ ಕೆಳಗೆ ಕೆರೆ ಸಿಕ್ಕಿತಲ್ಲ ಮೇಡಂ, ಅದು?

ಭೂವಿಜ್ಞಾನಿ: ರೇಡಾರ್‌ನಲ್ಲಿ ಸುಮಾರು 20 ಕಿಲೋಮೀಟರ್ ಅಗಲದ ಹೊಳಪು ಕಂಡಿತ್ತು, ಒಂದೂವರೆ ಕಿಲೋಮೀಟರ್ ಕೆಳಗೆ. ಜೇಡಿ ಮಣ್ಣೂ ಅದೇ ರೀತಿ ಹೊಳೆಯಬಲ್ಲದು ಅಂತ ಆಮೇಲೆ ತೋರಿಸಿದ್ದಾರೆ. ತೀರ್ಮಾನ ಆಗಿಲ್ಲ.

ಹೇಮಾವತಿ ದಂಡೆ: ಇದ್ದ ನೀರೆಲ್ಲ ಎಲ್ಲಿಗೆ ಹೋಯಿತು?

ಭೂವಿಜ್ಞಾನಿ: ಒಂದಷ್ಟು ಮಂಜಾಯಿತು. ಒಂದಷ್ಟು ಖನಿಜದೊಳಗೆ ಸೇರಿತು. ಇನ್ನೊಂದಷ್ಟು ಆಕಾಶಕ್ಕೆ ಹೋಯಿತು. ಮಂಗಳ ತನ್ನ ಕಾಂತಕ್ಷೇತ್ರ ಕಳೆದುಕೊಂಡ ಮೇಲೆ ಸೂರ್ಯನಿಂದ ಬರುವ ಕಣಗಳ ಹೊಡೆತ ನೇರ ಗಾಳಿಗೆ ಬಿತ್ತು. ಮೇವನ್ ನೌಕೆ 2014ರಲ್ಲಿ ಅಲ್ಲಿಗೆ ಹೋದ ಮೇಲೆ ಇದನ್ನೇ ಅಳೆಯಿತು. ಹಗುರ ಹೈಡ್ರೋಜನ್ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಮಂಗಳದ ಗಾಳಿಯ ನೀರಿನಲ್ಲಿ ಭಾರ ಹೈಡ್ರೋಜನ್ ಪಾಲು ನಮ್ಮ ಸಮುದ್ರದ ನೀರಿಗಿಂತ ಐದಾರು ಪಟ್ಟು ಹೆಚ್ಚು. ಬಹಳಷ್ಟು ನೀರು ಹೊರಟುಹೋಗಿದೆ ಅಂತ ಅದರಿಂದಲೇ ಗೊತ್ತಾಗುವುದು.

ಸಕಲೇಶಪುರ ಏಲಕ್ಕಿ: ಮಂಗಳದಲ್ಲಿ ಜೀವಿ ಸಿಕ್ಕಿದೆಯಂತೆ? ಚಿರತೆ ಚುಕ್ಕೆ ಇರೋ ಕಲ್ಲಂತೆ?

ಭೂವಿಜ್ಞಾನಿ: ಜೀವಿ ಸಿಕ್ಕಿಲ್ಲ. ಪರ್ಸಿವಿಯರೆನ್ಸ್ ನೌಕೆ 2024ರಲ್ಲಿ ಜೆಜೆರೊ ಕುಳಿಗೆ ಬರುತ್ತಿದ್ದ ಹಳೆಯ ನದಿಯ ದಾರಿಯಲ್ಲಿ ಒಂದು ಕಲ್ಲು ನೋಡಿತು. ಅದರ ಚುಕ್ಕೆಗಳಲ್ಲಿರುವ ಖನಿಜ ನಮ್ಮಲ್ಲಿ ಸೂಕ್ಷ್ಮಜೀವಿಯಿಂದಲೂ ಆಗುತ್ತದೆ, ಜೀವಿ ಇಲ್ಲದೆಯೂ ಆಗುತ್ತದೆ. ಕಲ್ಲಿನ ತುಂಡು ನೌಕೆಯ ಕೊಳವೆಯಲ್ಲಿದೆ. ಭೂಮಿಗೆ ಬಂದ ಮೇಲೆ ಮಾತಾಡೋಣ.

ಹೊಯ್ಸಳ ಹಾಸನ: ಮೇಡಂ ಮಂಗಳದಲ್ಲಿ ನೀರು ಇದೆಯಾ ಇಲ್ಲವಾ ಒಂದೇ ಮಾತಲ್ಲಿ ಹೇಳಿ.

ಭೂವಿಜ್ಞಾನಿ: ಮೇಲೆ ಇದೆ.

ಹೊಯ್ಸಳ ಹಾಸನ: ಮೇಲೆ ಅಂದರೆ ಗ್ರಹದ ಮೇಲಾ?

ಭೂವಿಜ್ಞಾನಿ: ಈ ಪುಟದ ಮೇಲೆ. ಎಲ್ಲರಿಗೂ ಹೇಳುತ್ತಿದ್ದೇನೆ, ಓದದೆ ಕೇಳಿದವರಿಗೆ ಇನ್ನು ಉತ್ತರ ಇಲ್ಲ.

ಶುಭದಿನ: ಕೇಳಿದ್ದಕ್ಕೆ ಹೀಗೆ ಗದರೋದಾದರೆ ಯಾಕೆ ಕರೆಸಿದಿರಿ? ವಿದ್ಯೆ ಇದ್ದ ಮೇಲೆ ವಿನಯ ಇರಬೇಕು.

ಬೇಲೂರು ಟೀಚರ್: ಆ ಮೆಸೇಜ್ ಅಳಿಸಿದಿರಾ, ಮೊದಲು ಅದು ಹೇಳಿ.

ಶುಭದಿನ: ನಿಮಗೆ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಭೂವಿಜ್ಞಾನಿ: ನನಗೆ ಒಪ್ಪಿಸಿ. ಅಳಿಸಿದಿರಾ?

ಅಡ್ಮಿನ್: ಶುಭದಿನ ಅವರ ಆ ಪೋಸ್ಟ್ ಇಲ್ಲಿಂದ ತೆಗೆಯುತ್ತೇನೆ. ಬೇರೆ ಗುಂಪಿನಲ್ಲಿ ನೋಡಿದವರು ಅಲ್ಲೂ ತಿಳಿಸಿ.

ನುಗ್ಗೇಹಳ್ಳಿ ಹುಡುಗ: ಮೇಡಂ, ಆಸ್ಪತ್ರೆಯಲ್ಲಿದ್ದಾರೆ. ರಕ್ತ ತೆಗೆದುಕೊಂಡಿದ್ದಾರೆ, ಇವತ್ತು ಅಲ್ಲೇ ಇರಿ ಅಂದಿದ್ದಾರೆ. ಕಲ್ಲನ್ನೂ ತೋರಿಸಿದರಂತೆ, ಡಾಕ್ಟರ್ ತುಂಬಾ ಬೈದರಂತೆ.

ಭೂವಿಜ್ಞಾನಿ: ಬೈಸಿಕೊಳ್ಳಲಿ. ಅಲ್ಲೇ ಇರಿಸಿ, ಮನೆಗೆ ಕರೆತರುವ ಆತುರ ಬೇಡ. ನಾಳೆ ರಿಪೋರ್ಟ್ ಬಂದ ಮೇಲೆ ಹೇಗಿದ್ದಾಳೆ ಅಂತ ಒಂದು ಮಾತು ಬರೆ.

ಉಪನ್ಯಾಸಕ ಚಿಕ್ಕಮಗಳೂರು: ಮೇಡಂ, ಹೋಗಿ ಬಂದೆ. ನಾಲ್ಕು ಫೋಟೊ ಹಾಕಿದ್ದೇನೆ, ಐದು ರೂಪಾಯಿ ನಾಣ್ಯ ಇಟ್ಟು. ಆ ಹುಡುಗನೂ ಜೊತೆಗೆ ಬಂದಿದ್ದ.

ಭೂವಿಜ್ಞಾನಿ: ಮೂರನೆಯದು ಚೆನ್ನಾಗಿದೆ ಸರ್. ನಾಣ್ಯದ ಎಡಗಡೆಯ ಚಪ್ಪಟೆ ಹರಳುಗಳು ಒಂದರ ಮೇಲೊಂದು ಒಂದೇ ಕಡೆ ವಾಲಿವೆ. ಆದರೆ ಈ ಪದರಗಳು ಆಮೇಲೆ ಮಡಚಿಕೊಂಡಿವೆ, ಹಾಗಾಗಿ ಈಗ ಕಾಣುವ ದಿಕ್ಕೇ ಆಗಿನ ದಿಕ್ಕು ಅಂತ ಬರೆದುಕೊಳ್ಳಬೇಡಿ. ಪದರ ಎಷ್ಟು ಓರೆಯಾಗಿದೆ ಅಳೆದು ಅದನ್ನು ಕಳೆಯಬೇಕು. ಫೋನಿನ ದಿಕ್ಸೂಚಿ ನಂಬಬೇಡಿ, ಆ ಕಡೆ ಕಬ್ಬಿಣದ ಕಲ್ಲು ಇರುವಲ್ಲಿ ಮುಳ್ಳು ತಪ್ಪುತ್ತದೆ. ಸೂರ್ಯ ಮುಳುಗುವ ಕಡೆ ಗುರುತು ಮಾಡಿಕೊಂಡು ಇನ್ನೊಂದು ಫೋಟೊ ತೆಗೆಯಲು ಆ ಹುಡುಗನಿಗೇ ಹೇಳಿ.

ಪಿಯುಸಿ ಸೈನ್ಸ್: ಮೇಡಂ, ಮೀಥೇನ್ ಕೇಳಿದ್ದೆ.

ಸಕಲೇಶಪುರ ಏಲಕ್ಕಿ: ಮಂಗಳಕ್ಕೆ ಮನುಷ್ಯ ಹೋದರೆ ಆ ಮಂಜು ಕರಗಿಸಿ ಕುಡಿಯಬಹುದಾ?

ಅಡ್ಮಿನ್: ಮೇಡಂ ಹೊರಟಿದ್ದಾರೆ. ಕಮೆಂಟ್ ಬಂದ್ ಮಾಡುತ್ತಿದ್ದೇನೆ. ಉತ್ತರ ಸಿಗದ ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದೇನೆ.